ನಮ್ಮ ನಡುವೆ ಮೂರನೆಯವರು ಯಾಕೆ?

ಮಾರ್ಚ್ 3, ಸೋಮವಾರ

ಗಂಡ. ಗಂಡ. ನನ್ನ ಗಂಡ. ಬರೆಯುವುದಕ್ಕೇ ಎಷ್ಟು ಖುಷಿ! ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಹಳೆಯ ಡೈರಿಗಳೂ ಇಂಗ್ಲಿಷಿನಲ್ಲೇ. ಆದರೆ 'ಹಸ್ಬೆಂಡ್' ಎಂದು ಬರೆದು ನೋಡಿದರೆ ಬ್ಯಾಂಕಿನ ಅರ್ಜಿಯಲ್ಲಿ ಖಾಲಿ ಜಾಗ ತುಂಬಿದ ಹಾಗಿರುತ್ತದೆ. ಹಾಗಾಗಿ ಇನ್ನು ಮುಂದೆ ಕನ್ನಡ. ಒತ್ತಕ್ಷರ ತಪ್ಪಿದರೆ ನೋಡುವವರು ಯಾರು, ನಾನೇ ತಾನೆ?

ಮದುವೆಯಾಗಿ ಒಂದು ತಿಂಗಳು. ಮನೆಯಲ್ಲಿ ನಾವು ಮೂವರು: ಅವನು, ನಾನು, ಅತ್ತೆ. ಅವನೂ ನಾನೂ ಒಂದೇ ಕಂಪನಿ. ವಿಮಾನ ನಿಲ್ದಾಣದಲ್ಲಿ ಸಾಮಾನು ಏರಿಸುವುದು, ಇಳಿಸುವುದು, ಟ್ರಾಲಿ ಎಳೆಯುವುದು, ಹೀಗೆ ನೆಲದ ಮೇಲಿನ ಕೆಲಸವೆಲ್ಲ ನಮ್ಮ ಕಂಪನಿಯದು. ಅವನು ಲೋಡರ್. ವಿಮಾನದ ಹೊಟ್ಟೆಯೊಳಗೆ ಮಂಡಿಯೂರಿ ಕುಳಿತು ಸೂಟ್‌ಕೇಸು ಜೋಡಿಸುತ್ತಾನೆ. ನಾನು ನಾಲ್ಕನೇ ಮಹಡಿಯಲ್ಲಿ ಕುಳಿತು ಕಂಪನಿಯ ಸುದ್ದಿಪತ್ರಿಕೆ ಬರೆಯುತ್ತೇನೆ. ಅವನನ್ನು ಮೊದಲು ನೋಡಿದ್ದೇ ಆ ಮಹಡಿಯ ಕಿಟಕಿಯಿಂದ. ಅಷ್ಟು ಎತ್ತರದಿಂದ, ಮುಖವೂ ಸರಿಯಾಗಿ ಕಾಣದೆ, ಬರೀ ನಡಿಗೆ ನೋಡಿ ಪ್ರೀತಿಸಿದವಳು ನಾನೊಬ್ಬಳೇ ಇರಬೇಕು!

ಇವತ್ತಿನ ದೊಡ್ಡ ಸುದ್ದಿ: ನೆಲದ ಕೆಲಸಗಾರರು ಸಂಘ ಕಟ್ಟುತ್ತಾರಂತೆ. ಬೇಕೋ ಬೇಡವೋ ಎಂದು ಇಪ್ಪತ್ತೆಂಟಕ್ಕೆ ಮತದಾನ. ಬೇಡ ಎನ್ನುವಂತೆ ಅವರ ಮನಸ್ಸು ತಿರುಗಿಸುವ ಮಾತುಗಳನ್ನು ಬರೆಯುವ ಕೆಲಸ ಯಾರಿಗೆ ಬಂತು? ನನಗೆ! ಇದಕ್ಕೆಂದೇ ಹೊರಗಿನಿಂದ ಒಬ್ಬ ಸಲಹೆಗಾರರು ಬಂದಿದ್ದಾರೆ. ಹೋದಲ್ಲೆಲ್ಲ ಸಂಘ ಹುಟ್ಟದ ಹಾಗೆ ನೋಡಿಕೊಳ್ಳುವುದೇ ಅವರ ಕಸುಬು. ಮಗುವಿನ ಹಾಗೆ ನಗುತ್ತಾರೆ. "ಗೆದ್ರೆ ನಿಮ್ಮಿಬ್ರಿಗೂ ಒಟ್ಟಿಗೆ ಹತ್ತು ದಿನ ರಜೆ, ಎರಡು ಟಿಕೆಟ್ಟು. ಹನಿಮೂನ್ ಆಗಿಲ್ವಂತಲ್ಲ?" ಎಂದರು.

ಎಲ್ಲಿಯ ಹನಿಮೂನ್! ಅವನ ಪಾಳಿ ಎಷ್ಟು ಹೊತ್ತಿಗೆ ಎಂಬುದು ಹಿಂದಿನ ಸಂಜೆ ಫೋನಿಗೆ ಬರುತ್ತದೆ. ಒಟ್ಟಿಗೆ ಒಂದು ಭಾನುವಾರವನ್ನೂ ಕಳೆದಿಲ್ಲ. ನಾನು ಮೆಟ್ಟಿಲು ಹತ್ತುವಾಗ ಅವನು ಇಳಿಯುತ್ತಿರುತ್ತಾನೆ. ನಮ್ಮ ಸಂಸಾರದ ಮುಕ್ಕಾಲು ಪಾಲು ಮೆಟ್ಟಿಲ ಮೇಲೆಯೇ ನಡೆದಿದೆ.

ಸುದ್ದಿ ಹೇಳಿದಾಗ ಅವನು ಶೂ ಲೇಸು ಕಟ್ಟುತ್ತಾ ನಕ್ಕ.

"ಬರಿ ಬರಿ. ನಿನ್ ಕೆಲ್ಸ ನೀನು ಮಾಡು. ನಾನಂತೂ ಸಂಘ ಬೇಕು ಅಂತ ಸಹಿ ಹಾಕಾಯ್ತು."

"ಯಾಕೋ?"

"ಪಾಳಿ ಯಾವಾಗ ಅಂತ ಒಂದು ವಾರ ಮುಂಚೆ ಹೇಳ್ಲಿ. ಆಮೇಲೆ, ಹೊಟ್ಟೆಯೊಳಗೆ ಮೊದ್ಲು ಇಬ್ರಿರ್ತಿದ್ವಿ, ಈಗ ಒಬ್ರನ್ನ ಕಿತ್ತಾಕಿದಾರೆ. ಆ ಇನ್ನೊಬ್ರನ್ನ ವಾಪಸ್ ಕೊಡ್ಲಿ. ಅಷ್ಟೇ."

"ಹೋಗಿ ಕೇಳಿದ್ರೆ ಕೊಡಲ್ವಾ? ನಮ್ಮೋರು ಒಳ್ಳೆ ಜನ ಕಣೋ."

"ಕೇಳಿ ಕೇಳಿ ಬಾಯಿ ಒಣಗಿದ್ಮೇಲೇ ಸಂಘ ಕಣೇ, ನಾಲ್ಕನೇ ಮಹಡಿ."

ನನ್ನನ್ನು ಅವನು ಕರೆಯುವುದೇ ಹಾಗೆ! ಆಫೀಸಿನ ಮಾತು ಚಪ್ಪಲಿ ಗೂಡಿನಿಂದ ಒಳಗೆ ಬರಬಾರದು ಎಂದು ಕೈಗೆ ಕೈ ತಟ್ಟಿ ಒಪ್ಪಂದ ಮಾಡಿಕೊಂಡೆವು. ಎಷ್ಟು ಪ್ರಬುದ್ಧ ದಂಪತಿ ನಾವು!

ಮಾರ್ಚ್ 6, ಗುರುವಾರ

ಹೊಳೆಯಿತು! ಬಸ್ಸಿನಲ್ಲಿ, ನಿಂತುಕೊಂಡೇ ಹೊಳೆಯಿತು. ಗಂಡ ಹೆಂಡತಿ ಚೆನ್ನಾಗಿದ್ದರೆ ಅವರ ನಡುವೆ ಇನ್ನೊಬ್ಬರು ಬೇಕೇನು? ಹಾಗೆಯೇ ಕಂಪನಿ ಮತ್ತು ಕೆಲಸಗಾರ. 'ನಮ್ಮ ನಡುವೆ ಮೂರನೆಯವರು ಯಾಕೆ?' ಸಲಹೆಗಾರರು ಕುರ್ಚಿಯಿಂದ ಎದ್ದು ನಿಂತರು. ಇಷ್ಟು ವರ್ಷದಲ್ಲಿ ಇಂಥ ವಾಕ್ಯ ಕೇಳಿಲ್ಲವಂತೆ. ಮೊದಲು ಕುಟುಂಬದಿಂದ ಶುರುಮಾಡೋಣ, ಆಮೇಲೆ ಗಂಡ ಹೆಂಡತಿಗೆ ಬರೋಣ ಎಂದರು. ಕಂಪನಿಯೇ ಮನೆ, ಮುಖ್ಯಸ್ಥರೇ ಅಪ್ಪ. ಮುಖ್ಯಸ್ಥರ ಭಾಷಣವನ್ನೂ ನಾನೇ ಬರೆಯಬೇಕು.

ಅತ್ತೆಗೆ ಓದಿ ಹೇಳಿದೆ. ಅವರು ಹಿಟ್ಟಿನ ಕೈ ತೊಳೆಯುತ್ತಾ, "ಗಂಡ ಹೆಂಡ್ತಿ ಮಧ್ಯ ಯಾರೂ ಬೇಡ್ವಾ? ಹಂಗಾದ್ರೆ ಮೊನ್ನೆ ಕಿಟಕಿ ವಿಷ್ಯ ಯಾರು ಬಗೆಹರಿಸಿದ್ದು?" ಎಂದರು.

ಅದು ಬೇರೆ. ಅವನಿಗೆ ಮಲಗುವಾಗ ಕಿಟಕಿ ತೆರೆದಿರಬೇಕು, ನನಗೆ ಮುಚ್ಚಿರಬೇಕು. ಇಬ್ಬರೂ ಮನೆಯಲ್ಲಿ ಒಟ್ಟಿಗೆ ಇರುವುದೇ ಇಲ್ಲವಾದ್ದರಿಂದ ಜಗಳವನ್ನು ಅತ್ತೆಯ ಮೂಲಕ ಆಡುತ್ತೇವೆ. ನಾನು ಹೇಳಿದ್ದನ್ನು ಅವನಿಗೆ ಹೇಳುತ್ತಾರೆ, ಅವನು ಹೇಳಿದ್ದನ್ನು ನನಗೆ. ನಡುವೆ ಖಾರ ತೆಗೆದು, ಒಂದಿಷ್ಟು ತಮ್ಮದೂ ಸೇರಿಸಿ. ಕೊನೆಗೆ ಅರ್ಧ ಕಿಟಕಿ ಎಂದು ತೀರ್ಮಾನವಾಯಿತು. ಅತ್ತೆಯ ಈ ಸೇವೆಗೆ ವಾರಕ್ಕೊಮ್ಮೆ ಕಾಲು ಒತ್ತಬೇಕು. ತುಂಬಾ ಮುದ್ದು ನಮ್ಮತ್ತೆ!

ಮಾರ್ಚ್ 10, ಸೋಮವಾರ

ವಿಮಾನ ನಿಲ್ಲಿಸುವ ದೊಡ್ಡ ಶೆಡ್ಡು, ಹ್ಯಾಂಗರಿನಲ್ಲಿ ಸಭೆ. ಎಲ್ಲ ಪಾಳಿಯವರನ್ನೂ ನಿಲ್ಲಿಸಿದ್ದರು. ಮುಖ್ಯಸ್ಥರು ನಾನು ಬರೆದದ್ದನ್ನು ಕಣ್ಣು ಒದ್ದೆ ಮಾಡಿಕೊಂಡು ಓದಿದರು. "ನೀವು ನನ್ನ ಮಕ್ಕಳು. ನಾನು ನಿಮ್ಮ ಅಪ್ಪ. ಅಪ್ಪನ ಹತ್ತಿರ ಮಾತಾಡೋಕೆ ಮಕ್ಕಳಿಗೆ ಸಂಘ ಬೇಕಾ? ನನ್ನ ಮನೆ ಬಾಗಿಲು ನಿಮಗೆ ಯಾವಾಗಲೂ ತೆರೆದಿರುತ್ತೆ." ಎಲ್ಲರಿಗಿಂತ ಮೊದಲು ನಾನೇ ಚಪ್ಪಾಳೆ ತಟ್ಟಿದೆ, ನಾನೇ ಬರೆದದ್ದಾದರೂ!

ಪ್ರಶ್ನೆಗಳಿದ್ದರೆ ಕೇಳಿ ಎಂದರು. ಬೆಲ್ಟ್ ಅಕ್ಕ ಕೈ ಎತ್ತಿದಳು. ಸಾಮಾನನ್ನು ವಿಮಾನಕ್ಕೆ ಏರಿಸುವ ಬೆಲ್ಟ್ ಗಾಡಿ ಓಡಿಸುವವಳು. ಸಂಘದ ಗಲಾಟೆ ಶುರುಮಾಡಿದ್ದೇ ಅವಳು ಎಂದು ಮೇಲಿನ ಮಹಡಿಯಲ್ಲಿ ಹೇಳುತ್ತಾರೆ. ಅವಳ ದನಿಗೆ ಮೈಕು ಬೇಕಿಲ್ಲ.

"ಅಪ್ಪಾ!"

ಹ್ಯಾಂಗರಿಗೆ ಹ್ಯಾಂಗರೇ ನಕ್ಕಿತು.

"ನಿಮ್ಗಿಂತ ನಾನು ನಾಲ್ಕು ವರ್ಷ ದೊಡ್ಡೋಳು, ಇರ್ಲಿ, ಅಪ್ಪ ಅಪ್ಪಾನೇ. ಬೆಳಿಗ್ಗೆ ಎಷ್ಟೊತ್ತಿಗೆ ಏಳ್ಬೇಕು ಅಂತ ಮಕ್ಕಳಿಗೆ ಹಿಂದಿನ್ ದಿನ ಹೊತ್ತು ಮುಳುಗಿದ್ಮೇಲೆ ಮೆಸೇಜ್ ಹಾಕೋ ಅಪ್ಪನ್ನ ಎಲ್ಲಾದ್ರೂ ನೋಡಿದೀರಾ?"

"ಒಳ್ಳೇ ಪ್ರಶ್ನೆ, ಮಗಳೇ," ಎಂದರು ಮುಖ್ಯಸ್ಥರು. ಸಲಹೆಗಾರರು ಅವರ ಕಿವಿಯಲ್ಲಿ ಏನೋ ಹೇಳಿದರು. "ಮನೆ ಮಾತನ್ನ ಮನೆಯಲ್ಲೇ ಕೂತು ಆಡೋಣ."

"ಆಯ್ತಪ್ಪಾ," ಎಂದಳು ಬೆಲ್ಟ್ ಅಕ್ಕ. ಸಭೆ ಸುಸೂತ್ರವಾಗಿ ಮುಗಿಯಿತು. ನನ್ನ ಗಂಡ ಕೊನೆಯ ಸಾಲಿನಲ್ಲಿ ನಿಂತು ನನಗೆ ಕಣ್ಣು ಹೊಡೆದ. ಎಲ್ಲರೆದುರಿಗೆ! ಸಂಜೆಯವರೆಗೂ ಕೆನ್ನೆ ಬಿಸಿಯಾಗಿಯೇ ಇತ್ತು.

ಮಾರ್ಚ್ 16, ಭಾನುವಾರ

ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ, ಆದ್ದರಿಂದ ನಗುತ್ತಿದ್ದೇನೆ.

ಬೆಳಿಗ್ಗೆ ಸಲಹೆಗಾರರ ಫೋನು: "ಮುಖ್ಯಸ್ಥರ ಮನೆಗೆ ಕೂಡ್ಲೇ ಬನ್ನಿ. ಇದೆಲ್ಲ ನಿಮ್ಮ ವಾಕ್ಯದಿಂದಾನೇ." ಹೋಗಿ ನೋಡಿದರೆ ಗೇಟಿನಿಂದ ಹೂವಿನ ಕುಂಡದವರೆಗೂ ಶೂಗಳು. ಪಾಳಿ ಇಲ್ಲದ ಲೋಡರುಗಳೆಲ್ಲ ಬಂದಿದ್ದಾರೆ. ಕೆಲವರ ಕಂಕುಳಲ್ಲಿ ದಿಂಬು, ಒಬ್ಬನ ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು. ಟ್ರಾಲಿ ಓಡಿಸುವ ಉದ್ದನೆಯ ಮನುಷ್ಯ ಮಹಡಿ ಮೆಟ್ಟಿಲ ಮೇಲೆ ನಿಂತು, "ಅಪ್ಪಾ, ನನ್ ರೂಮ್ ಯಾವ್ದು?" ಎಂದು ಕೂಗುತ್ತಿದ್ದ.

ಮುಖ್ಯಸ್ಥರು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಿದ್ದರು. ಬೆಲ್ಟ್ ಅಕ್ಕ ಹೊರಗೆ ಸ್ಟೂಲು ಹಾಕಿಕೊಂಡು ಕೂತಿದ್ದಳು. "ಅಪ್ಪಾ, ಬಾಗ್ಲು ಯಾವಾಗ್ಲೂ ತೆರೆದಿರುತ್ತೆ ಅಂದಿದ್ರಿ. ಪರ್ವಾಗಿಲ್ಲ, ನಿಧಾನಕ್ಕೆ ಬನ್ನಿ. ಮಕ್ಕಳು ಎಲ್ಲಿಗೂ ಹೋಗಲ್ಲ."

ಮುಖ್ಯಸ್ಥರ ಹೆಂಡತಿ ತಟ್ಟೆ ತುಂಬ ಚಹಾ ಲೋಟ ಹಿಡಿದು ಬಂದರು. ಬಚ್ಚಲ ಬಾಗಿಲಿಗೆ ಮುಖ ಮಾಡಿ, "ಇಷ್ಟೊಂದು ಮಕ್ಕಳಿದಾರೆ ಅಂತ ನೀವು ನಂಗೆ ಹೇಳೇ ಇರ್ಲಿಲ್ವಲ್ಲ ರೀ," ಎಂದರು. ಒಳಗಿನಿಂದ ನಲ್ಲಿ ಬಿಟ್ಟ ಸದ್ದು ಬಂತು.

ನನ್ನ ಗಂಡ ಸೋಫಾದ ಮೇಲೆ ಕಾಲು ಮಡಿಚಿ ಕೂತು ಬ್ರೆಡ್ಡು ತಿನ್ನುತ್ತಿದ್ದ. "ಬಾ ಬಾ ಕೂತ್ಕೋ, ಮಾವನ ಮನೆ ಅಲ್ವಾ ನಿಂಗೆ," ಎಂದ. ನನಗೆ ಎಷ್ಟು ನಗು ಬಂತೆಂದರೆ ಸಲಹೆಗಾರರಿಗೆ ಬೆನ್ನು ತಿರುಗಿಸಬೇಕಾಯಿತು. ಇಬ್ಬರು ಲೋಡರುಗಳು ಮುಖ್ಯಸ್ಥರ ಹೆಂಡತಿಯ ಫ್ರಿಜ್ಜು ಪಕ್ಕಕ್ಕೆ ಸರಿಸಿ, ಅದರ ಹಿಂದೆ ಎಂದೋ ಬಿದ್ದ ಅವರ ಕನ್ನಡಕ ತೆಗೆದುಕೊಟ್ಟರು. ಆಕೆ ಎಲ್ಲರಿಗೂ ಎರಡನೇ ಸಲ ಚಹಾ ಮಾಡಿದರು.

ಮಧ್ಯಾಹ್ನದ ಪಾಳಿಯ ಹೊತ್ತಿಗೆ ಎಲ್ಲರೂ, "ಬರ್ತೀವಪ್ಪಾ," ಎಂದು ಬಚ್ಚಲ ಬಾಗಿಲಿಗೆ ಕೈಮುಗಿದು ಹೊರಟರು.

ಒಂದು ಮಾತು ಬರೆಯದೆ ಇರಲಾರೆ. ಮದುವೆಯಾದ ಮೇಲೆ ಅವನೂ ನಾನೂ ಒಟ್ಟಿಗೆ ಕಳೆದ ಮೊದಲ ಭಾನುವಾರ ಇದು! ಬಸ್ ನಿಲ್ದಾಣದವರೆಗೂ ಕೈ ಹಿಡಿದು ನಡೆದೆವು.

ಮಾರ್ಚ್ 18, ಮಂಗಳವಾರ

ಕಾನೂನು ವಿಭಾಗದವರು ಬೆವರುತ್ತಿದ್ದಾರೆ. ಮಕ್ಕಳು ಎಂದ ಮೇಲೆ ನಾಳೆ ಆಸ್ತಿಯಲ್ಲಿ ಪಾಲು ಕೇಳಿದರೆ? ಎರಡು ಗೋದಾಮು, ಹದಿನಾಲ್ಕು ಟ್ರಾಲಿ, ನಾಲ್ಕನೇ ಮಹಡಿಯ ಅರ್ಧ! ಹಾಗಾಗಿ ಸುತ್ತೋಲೆ ಬರೆದೆ. ಕಂಪನಿಯು ಕುಟುಂಬವಾಗಿರುವುದು ಕೆಲಸದ ವೇಳೆಯಲ್ಲಿ, ಸಮವಸ್ತ್ರದಲ್ಲಿದ್ದಾಗ ಮಾತ್ರ. 'ಅಪ್ಪ' ಎಂಬುದು ಭಾವನೆಯಷ್ಟೇ. ಅದರಿಂದ ಯಾವ ಹಕ್ಕೂ ಹುಟ್ಟುವುದಿಲ್ಲ. ಅಪ್ಪನನ್ನು ನೋಡಬಯಸುವ ಮಕ್ಕಳು ಎರಡು ವಾರ ಮೊದಲು ಅರ್ಜಿ ಸಲ್ಲಿಸತಕ್ಕದ್ದು.

ಅಪ್ಪನನ್ನು ನೋಡಲು ಎರಡು ವಾರ ಮುಂಚೆ ಹೇಳಬೇಕು, ಪಾಳಿಯನ್ನು ಮಾತ್ರ ಹಿಂದಿನ ಸಂಜೆ ಹೇಳಿದರೆ ಸಾಕು. ಬರೆಯುವಾಗ ಇದು ಸ್ವಲ್ಪ ತಮಾಷೆ ಅನ್ನಿಸಿತು. ಸಲಹೆಗಾರರಿಗೆ ಹೇಳಿದೆ. ಅವರಿಗೆ ಅನ್ನಿಸಲಿಲ್ಲ.

ಮಾರ್ಚ್ 20, ಗುರುವಾರ

ಕುಟುಂಬ ಮುಗಿಯಿತು, ಈಗ ಗಂಡ ಹೆಂಡತಿ. ಮತ್ತು ಯಾವ ಗಂಡ ಹೆಂಡತಿ ಗೊತ್ತೇ? ನಾವೇ! ನಮ್ಮ ಮದುವೆಯ ಫೋಟೋ! ನಿನ್ನೆ ಹ್ಯಾಂಗರಿನ ಗೋಡೆ ತುಂಬ ಕಟ್ಟಿದರು. ನನ್ನ ಒಂದು ಹಲ್ಲೇ ಬಾಗಿಲಿನಷ್ಟು ದೊಡ್ಡದು. ಕೆಳಗೆ: 'ಆಫೀಸು ನೆಲದ ಕೈ ಹಿಡಿಯಿತು. ಇವರ ನಡುವೆ ಮೂರನೆಯವರು ಯಾಕೆ?' ಫೋಟೋ ಕೇಳಿದಾಗ ಕೊಟ್ಟಿದ್ದೆ, ಸುದ್ದಿಪತ್ರಿಕೆಗೆ ಇರಬೇಕು ಎಂದುಕೊಂಡು. ಆದರೂ ಎಷ್ಟು ಚೆನ್ನಾಗಿ ಬಂದಿದ್ದೇವೆ!

ಅವನು ಮೆಟ್ಟಿಲ ಮೇಲೆ ಸಿಕ್ಕಾಗ, "ನನ್ನ ಒಂದ್ ಮಾತು ಕೇಳ್ಬೇಕಿತ್ತು," ಎಂದ. ಅಷ್ಟೇ. ನಾಲ್ಕನೇ ಮಹಡಿ ಎನ್ನಲಿಲ್ಲ. ಹುಡುಗರು ಅವನ ಊಟದ ಡಬ್ಬಿಯ ಮೇಲೆ 'ಅಳಿಯ ದೇವರು' ಎಂದು ಬರೆದಿದ್ದಾರಂತೆ.

ಇವತ್ತು ನೋಡಿದರೆ ಯಾರೋ ಏಣಿ ಹತ್ತಿ, ಬೂಟ್ ಪಾಲಿಷಿನಿಂದ, ನಮ್ಮಿಬ್ಬರ ನಡುವೆ ಸೊಂಟಕ್ಕೆ ಕೈ ಕೊಟ್ಟು ನಿಂತ ಹೆಂಗಸಿನ ಚಿತ್ರ ಬರೆದುಬಿಟ್ಟಿದ್ದಾರೆ. ಸಲಹೆಗಾರರು ನನ್ನನ್ನು ಕರೆಸಿದರು.

"ಇದ್ಯಾರು?"

"ನಮ್ಮತ್ತೆ, ಸರ್."

"ಮಧ್ಯ ಯಾಕೆ ನಿಂತಿದಾರೆ?"

"ಅವ್ರಿಲ್ದೆ ನಮ್ಮ ಸಂಸಾರ ನಡಿಯಲ್ಲ, ಸರ್."

ಸರಳವಾದ ಪ್ರಶ್ನೆ, ನಿಜವಾದ ಉತ್ತರ. ಅದಕ್ಕೆ ಯಾಕೆ ಅಷ್ಟು ಹೊತ್ತು ನನ್ನ ಮುಖ ನೋಡಿದರೋ! ಅತ್ತೆಗೆ ಫೋನಿನಲ್ಲಿ ಚಿತ್ರ ತೋರಿಸಿದೆ. ಮೂಗು ಸರಿಯಾಗಿಲ್ಲವಂತೆ, ಉಳಿದದ್ದು ಪರವಾಗಿಲ್ಲವಂತೆ.

ಮಾರ್ಚ್ 21, ಶುಕ್ರವಾರ

ಇವತ್ತು ಸಲಹೆಗಾರರು ಮಜವಾದ ಕೆಲಸ ಕೊಟ್ಟರು. ಬೆಳಿಗ್ಗೆ ಯಾರೋ ಲೋಡರ್ ಒಬ್ಬ ವಿಮಾನದ ಹೊಟ್ಟೆಯೊಳಗಿದ್ದಾಗಲೇ ಬಾಗಿಲು ಮುಚ್ಚಿಬಿಟ್ಟರಂತೆ, ವಿಮಾನ ಹಾರಿಯೇ ಹೋಯಿತಂತೆ! ಮುಂದಿನ ನಗರದಲ್ಲಿ ಇಳಿದನಂತೆ, ಏನೂ ಆಗಿಲ್ಲವಂತೆ. "ವಿಷಯ ಹೊರಗೆ ಬೀಳೋಕೆ ಮುಂಚೆ ನಾವೇ ನಗುನಗುತ್ತಾ ಹೇಳ್ಬಿಡ್ಬೇಕು," ಎಂದರು. ಯಾರು ಎಂದು ಕೇಳಿದೆ. ಹೆಸರು ಮುಖ್ಯವಲ್ಲ ಎಂದರು.

ಕೂತಲ್ಲೇ ಬರೆದುಕೊಟ್ಟೆ. ಶೀರ್ಷಿಕೆ: 'ನೆಲದಿಂದ ಮುಗಿಲಿಗೆ: ನಮ್ಮ ಲೋಡರನ ಉಚಿತ ವಿಮಾನಯಾನ!' ಜನ್ಮದಲ್ಲಿ ವಿಮಾನ ಹತ್ತದ ಎಷ್ಟೋ ಲೋಡರುಗಳಲ್ಲಿ ಇವನೊಬ್ಬ ಅದೃಷ್ಟವಂತ ಎಂದೂ ಸೇರಿಸಿದೆ. ನಾಲ್ಕನೇ ಮಹಡಿಯಲ್ಲಿ ಎಲ್ಲರೂ ನಕ್ಕರು. ನಾನೂ.

ಅವನು ಇನ್ನೂ ಮನೆಗೆ ಬಂದಿಲ್ಲ. ಬೆಳಗಿನ ಪಾಳಿ ಇತ್ತು, ಮಧ್ಯಾಹ್ನಕ್ಕೇ ಬರಬೇಕಿತ್ತು. ಪಾಳಿ ಎಳೆದಿರಬೇಕು ಎಂದರು ಅತ್ತೆ. ಫೋನು ಲಾಕರಿನಲ್ಲಿಟ್ಟೇ ಕೆಲಸಕ್ಕೆ ಹೋಗಬೇಕು, ಹಾಗಾಗಿ ತೆಗೆಯುತ್ತಿಲ್ಲ. ಪೋಸ್ಟರಿನ ಕೋಪ ಇನ್ನೂ ಇದೆಯೇನೋ. ಬಂದ ಮೇಲೆ ಈ ಹಾರಿದ ಲೋಡರನ ಕಥೆ ಹೇಳಿ ನಗಿಸಬೇಕು.

ಮಾರ್ಚ್ 22, ಶನಿವಾರ

ಬಂದ. ಬಲಗಿವಿ ಕೇಳಿಸುತ್ತಿಲ್ಲ. ಮಲಗಿದ್ದಾನೆ.

ಕಿಟಕಿ ಪೂರ್ತಿ ತೆರೆದಿಟ್ಟಿದ್ದೇನೆ.

ಮಾರ್ಚ್ 24, ಸೋಮವಾರ

ಡಾಕ್ಟರು ಕಿವಿ ನಿಧಾನವಾಗಿ ಸರಿಹೋಗಬಹುದು ಎಂದಿದ್ದಾರೆ. ಈಗ ಅವನ ಎಡಗಡೆ ಕೂತು ಮಾತಾಡಬೇಕು. ಮಾತಾಡುತ್ತಾನೆ, ತಮಾಷೆಯನ್ನೂ ಮಾಡುತ್ತಾನೆ. ಅಲ್ಲಿಯ ಲೋಡರುಗಳು ಬಾಗಿಲು ತೆಗೆದು, ಸೂಟ್‌ಕೇಸುಗಳ ನಡುವೆ ಇವನನ್ನು ನೋಡಿ, "ನೀನ್ಯಾವ ಬ್ಯಾಗಪ್ಪಾ?" ಎಂದರಂತೆ. ಭದ್ರತೆಯವರು ರಾತ್ರಿಯವರೆಗೂ ಕೂರಿಸಿಕೊಂಡರಂತೆ. ಹೇಗೆ ಬಂದೆ? ವಿಮಾನದಲ್ಲಿ. ಟಿಕೆಟ್ ಎಲ್ಲಿ? ಇಲ್ಲ. ಟಿಕೆಟ್ ಇಲ್ಲದೆ ಹೇಗೆ ಬಂದೆ? ಸಾಮಾನಿನ ಜೊತೆ. ಸಾಮಾನಿನ ಚೀಟಿ ಎಲ್ಲಿ? ಕಂಪನಿಗೆ ಬೆಳಿಗ್ಗೆಯೇ ಫೋನು ಮಾಡಿದ್ದರಂತೆ.

ನಮ್ಮ ಕಂಪನಿ ತುಂಬಾ ಚುರುಕಾಗಿ ಕೆಲಸ ಮಾಡಿತು. ಹಿಂದಿನ ತಾರೀಖು ಹಾಕಿ ಅವನ ಹೆಸರಿಗೆ ಬೋರ್ಡಿಂಗ್ ಪಾಸು ಮಾಡಿಸಿದ್ದಾರೆ. ಸೀಟಿನ ಜಾಗದಲ್ಲಿ ಒಂದು ಅಡ್ಡಗೆರೆ. ಊಟ: ಸಸ್ಯಾಹಾರ. ಪಾಳಿ ಮುಗಿಯುವಾಗ ಜಾಗದಲ್ಲಿ ಇರಲಿಲ್ಲವೆಂದು ಅರ್ಧ ದಿನದ ಗೈರುಹಾಜರಿಯನ್ನೂ ಹಾಕಿದ್ದಾರೆ.

ಸಲಹೆಗಾರರು ನನ್ನನ್ನು ಕರೆದರು. ಮತದಾನದ ಹಿಂದಿನ ದಿನ ಕೊನೆಯ ಸಭೆ, ಮನೆಯವರೆಲ್ಲ ಬರಬಹುದು. ಅಲ್ಲಿ ಅವನು ವೇದಿಕೆ ಹತ್ತಿ, ಕುತೂಹಲಕ್ಕೆ ತಾನಾಗಿಯೇ ಒಳಗೆ ಕೂತೆ, ಖುಷಿಯಾಯಿತು ಎನ್ನಬೇಕಂತೆ. ಹೇಳಿದರೆ ಗೆಲ್ಲಲಿ ಬಿಡಲಿ, ಆ ಹತ್ತು ದಿನ ರಜೆ, ಎರಡು ಟಿಕೆಟ್ಟು ಖಾತ್ರಿ. ಹೇಳದಿದ್ದರೆ ನಿಯಮ ಮೀರಿ ಒಳಗಿದ್ದನೆಂದು ಕೆಲಸದಿಂದ ತೆಗೆಯಬೇಕಾಗುತ್ತದೆ. ಅದನ್ನು ಹೇಳುವಾಗಲೂ ನಗುತ್ತಿದ್ದರು. "ನೀವು ಬರೀರಿ. ನಿಮ್ಮಷ್ಟು ಚೆನ್ನಾಗಿ ಯಾರೂ ಬರೆಯಲ್ಲ."

ಅವನಿಗೆ ಹೇಳಿದೆ. ಅವನು ಕಿಟಕಿಯಾಚೆ ನೋಡುತ್ತಲೇ ಇದ್ದ. ಬಲಗಡೆ ಕೂತು ಹೇಳಿದೆನೇನೋ ಎಂದು ಎಡಗಡೆ ಹೋಗಿ ಮತ್ತೆ ಹೇಳಿದೆ.

"ಕೇಳಿಸ್ತು ಕಣೇ. ಮೊದಲ್ನೇ ಸಲಾನೇ ಕೇಳಿಸ್ತು."

ಮಾರ್ಚ್ 25, ಮಂಗಳವಾರ

ಚೆನ್ನಾಗಿ ಬರೆಯಬೇಕೆಂದರೆ ವಿವರ ಬೇಕು. ಹಾಗಾಗಿ ಅವನನ್ನು ಕೂರಿಸಿಕೊಂಡು ಕೇಳಿದೆ. ಅತ್ತೆಯೂ ಕೂತರು.

ಅವನು ಒಳಗೆ ತೀರಾ ಹಿಂದೆ, ಸಾಮಾನು ಜಾರದಂತೆ ಬಲೆ ಕಟ್ಟುತ್ತಿದ್ದನಂತೆ. ಬೆಲ್ಟ್ ಅಕ್ಕನನ್ನು ಬೇರೆ ವಿಮಾನಕ್ಕೆ ಓಡಿಸಿದ್ದರು. ಬಾಗಿಲ ಹತ್ತಿರ ನಿಲ್ಲಬೇಕಾದ ಇನ್ನೊಬ್ಬ ಇರಲಿಲ್ಲ. ಆ ಕೆಲಸವೇ ಈಗ ಇಲ್ಲವಲ್ಲ. ಹೊರಗಿನಿಂದ ಬಂದ ಯಾರೋ ಖಾಲಿ ಎಂದುಕೊಂಡು ಮುಚ್ಚಿದರು. ಬಡಿದ. ಎಂಜಿನ್ನಿನ ಸದ್ದು. ಪಕ್ಕದಲ್ಲಿ ಪಂಜರದೊಳಗೆ ಯಾರದೋ ನಾಯಿ ಇತ್ತಂತೆ. ಇವನು ನಡುಗುತ್ತಿದ್ದ, ಅದೂ ನಡುಗುತ್ತಿತ್ತು. ಪಂಜರದ ಸರಳಿನೊಳಗೆ ಬೆರಳು ತೂರಿಸಿ ಅದರ ಮೂಗು ಮುಟ್ಟಿಕೊಂಡೇ ಹೋದನಂತೆ.

"ಏನ್ ಯೋಚ್ನೆ ಮಾಡ್ದೆ ಆಗ?" ಎಂದು ಕೇಳಿದೆ, ಪೆನ್ನು ಹಿಡಿದುಕೊಂಡು.

"ಯಾರಾದ್ರೂ ಹುಡುಕ್ತಾರೆ ಅನ್ಕೊಂಡೆ. ಆಮೇಲೆ ಅನ್ನಿಸ್ತು, ಯಾರು ಹುಡುಕ್ತಾರೆ? ನಾನು ಯಾವಾಗ ಎಲ್ಲಿರ್ತೀನಿ ಅಂತ ಯಾರಿಗ್ ಗೊತ್ತು? ಪಾಳಿ ಬದಲಾಗಿದೆ ಅನ್ಕೋತಾರೆ. ನೀನೂ ಹಂಗೇ ಅನ್ಕೋತೀಯ."

ಅತ್ತೆ ಎದ್ದು ಒಳಗೆ ಹೋದರು. ನಾನು ಬರೆದುಕೊಂಡೆ. ತುಂಬಾ ಒಳ್ಳೆಯ ವಿವರ.

ಒಂದೇ ಉಸಿರಿಗೆ ಬರೆದು ಮುಗಿಸಿದೆ. ಇಷ್ಟು ಚೆನ್ನಾಗಿ ನಾನು ಎಂದೂ ಬರೆದಿಲ್ಲ! ಸಲಹೆಗಾರರು ಖಂಡಿತ ಮೆಚ್ಚುತ್ತಾರೆ.

ಮಾರ್ಚ್ 26, ಬುಧವಾರ

ಮೆಚ್ಚಲಿಲ್ಲ. ಎಲ್ಲಕ್ಕೂ ಕೆಂಪು ಗೆರೆ ಎಳೆದು ಎರಡು ವಾಕ್ಯ ಉಳಿಸಿದ್ದಾರೆ. 'ನಾನು ಸ್ವಂತ ಇಚ್ಛೆಯಿಂದ ಒಳಗೆ ಕುಳಿತೆ. ಅಪ್ಪನಿಗೆ ಧನ್ಯವಾದ.' ಬರಹಗಾರ್ತಿಯಾಗಿ ನನಗೆ ಬೇಸರವಾಯಿತು. ನಾಯಿಯನ್ನಾದರೂ ಉಳಿಸಬಹುದಿತ್ತು.

ಮಾರ್ಚ್ 27, ಗುರುವಾರ

ಏನು ನಡೆಯಿತೋ ಹಾಗೆಯೇ ಬರೆಯುತ್ತೇನೆ.

ಹ್ಯಾಂಗರು ತುಂಬಿತ್ತು. ಮುಂದಿನ ಸಾಲಿನಲ್ಲಿ ಅತ್ತೆ, ಅವರ ಪಕ್ಕ ಮುಖ್ಯಸ್ಥರ ಹೆಂಡತಿ. ಇಬ್ಬರೂ ಆಗಲೇ ಮಂಡಿನೋವಿನ ಮಾತು ಶುರುಮಾಡಿದ್ದರು. ನನ್ನ ಗಂಡನನ್ನು ಕರೆದರು. ಅವನು ಮೈಕಿನ ಮುಂದೆ ನಿಂತು ಚೀಟಿ ನೋಡಿದ, ನನ್ನನ್ನು ನೋಡಿದ.

"ನನ್ ಕಿವಿ ಸರಿ ಇಲ್ಲ, ಸ್ವಂತ ಮಾತೇ ನಂಗೆ ಸರಿಯಾಗಿ ಕೇಳಿಸ್ತಿಲ್ಲ. ಇದನ್ನ ಬರೆದೋಳು ನನ್ನ ಹೆಂಡ್ತಿ. ಅವ್ಳೇ ಓದ್ತಾಳೆ," ಎಂದ.

ಸಲಹೆಗಾರರಿಗೆ ಅದು ಇನ್ನೂ ಚೆನ್ನಾಗಿ ಕಂಡಿತು. ಹೋಗಿ ಹೋಗಿ ಎಂದು ಸನ್ನೆ ಮಾಡಿದರು. ಹೋದೆ. "ನಾನು ಸ್ವಂತ ಇಚ್ಛೆಯಿಂದ ಒಳಗೆ ಕುಳಿತೆ. ಅಪ್ಪನಿಗೆ ಧನ್ಯವಾದ," ಎಂದು ಸ್ಪಷ್ಟವಾಗಿ ಓದಿದೆ. ಮುಗಿದೇ ಹೋಯಿತು. ಕಾರ್ಯಕ್ರಮ ಪಟ್ಟಿಯಲ್ಲಿ ನಮಗೆ ಹತ್ತು ನಿಮಿಷ ಕೊಟ್ಟಿದ್ದರು. ಅಷ್ಟು ಜನ ನೋಡುತ್ತಿರುವಾಗ ಅಷ್ಟೊಂದು ಹೊತ್ತನ್ನು ಖಾಲಿ ಬಿಡುವುದು ಚೆನ್ನಾಗಿರುವುದಿಲ್ಲ. ಹಾಗಾಗಿ ಉಳಿದದ್ದನ್ನೂ ಹೇಳಿದೆ. ನಾನೇ ಬರೆದದ್ದಲ್ಲವೇ, ಬಾಯಿಪಾಠ ಇತ್ತು.

ಬಲೆಯನ್ನು ಹೇಳಿದೆ, ಬಾಗಿಲನ್ನು ಹೇಳಿದೆ, ನಾಯಿಯ ಮೂಗನ್ನು ಹೇಳಿದೆ. "ಯಾರಾದರೂ ಹುಡುಕುತ್ತಾರೆ ಎಂದುಕೊಂಡೆ," ಎಂದೆ. ಅವನ ಮಾತು, ಅವನು ಹೇಳಿದ ಹಾಗೆಯೇ. ಆಮೇಲಿನ ವಾಕ್ಯ ಬರವಣಿಗೆಯಲ್ಲಿ ಇರಲಿಲ್ಲ, ಅದು ಹೇಗೆ ಬಂತೋ ಗೊತ್ತಿಲ್ಲ: "ಆವತ್ತು ಯಾರೂ ಹುಡುಕಲಿಲ್ಲ. ನಾಲ್ಕನೇ ಮಹಡಿಯಲ್ಲಿ ಅವನ ಹೆಂಡ್ತಿ ಕೂತು, ಅವನ ಮೇಲೇ ತಮಾಷೆ ಬರೀತಿದ್ಲು. ಅವನು ಯಾರು ಅಂತ ಅವಳಿಗೆ ಯಾರೂ ಹೇಳ್ಲಿಲ್ಲ."

ಮೈಕು ನಿಂತುಹೋಯಿತು. ಯಾರೋ ವೈರು ಕಿತ್ತಿದ್ದರು. ಪಾಪ, ಹಿಂದಿನ ಸಾಲಿನವರಿಗೆ ಕೇಳಿಸದೆ ಹೋದರೆ ಎಂದು, ಬೆಳಿಗ್ಗೆಯೇ ಕಂಪನಿಗೆ ಬಂದ ಫೋನಿನ ವಿಷಯವನ್ನೂ ಜೋರಾಗಿ ಹೇಳಿ ಮುಗಿಸಿದೆ. ನನಗೆ ಇಷ್ಟು ದೊಡ್ಡ ದನಿ ಇದೆ ಎಂದು ಗೊತ್ತೇ ಇರಲಿಲ್ಲ! ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಖ್ಯಸ್ಥರ ಹೆಂಡತಿ ಎದ್ದು ನಿಂತು, ವೇದಿಕೆಯ ಮೇಲಿದ್ದ ಗಂಡನನ್ನು, "ನಿಮ್ಗೆ ಆವತ್ತು ಬೆಳಿಗ್ಗೇನೇ ಗೊತ್ತಿತ್ತಾ?" ಎಂದು ಕೇಳಿದರು. ಅಲ್ಲಿ ಬಚ್ಚಲುಮನೆ ಇರಲಿಲ್ಲ.

ಹೊರಗೆ ಬಂದಾಗ ನನ್ನ ಗಂಡ ನನ್ನ ಎಡಗಡೆಯಿಂದ ಬಲಗಡೆಗೆ ಬಂದ, ಒಳ್ಳೆಯ ಕಿವಿ ನನ್ನ ಕಡೆಗೆ ಬರುವ ಹಾಗೆ.

ರಜೆ ಹೋಯಿತು ಅನ್ನಿಸುತ್ತದೆ.

ಮಾರ್ಚ್ 28, ಶುಕ್ರವಾರ

ಬೆಳಿಗ್ಗೆ ಮೇಜಿನ ಮೇಲೆ ಆದೇಶ: ನನ್ನನ್ನು ಶಿಸ್ತುಕ್ರಮವಾಗಿ ಈ ದಿನದಿಂದಲೇ ನೆಲದ ಕೆಲಸಕ್ಕೆ, ಬೆಲ್ಟ್ ವಿಭಾಗಕ್ಕೆ ವರ್ಗಾಯಿಸಲಾಗಿದೆ. ಕೈಗವಸು ಕೊಟ್ಟರು. ಎರಡೂ ಎಡಗೈಯವು.

ಕೆಳಗೆ ಇಳಿದರೆ ಬೆಲ್ಟ್ ಅಕ್ಕ ನನ್ನ ಕೈ ಹಿಡಿದು ನೇರ ಮತದಾನದ ಸಾಲಿಗೆ ಕರೆದುಕೊಂಡು ಹೋದಳು. ಸಲಹೆಗಾರರು ಓಡಿಬಂದರು.

"ಇವ್ರು ಆಫೀಸಿನೋರು! ಇವ್ರು ಹಾಕೋ ಹಂಗಿಲ್ಲ!"

ಮತಗಟ್ಟೆಯ ಅಧಿಕಾರಿ ಆದೇಶ ಓದಿದರು. "ಇವತ್ತಿನಿಂದ ನೆಲದ ಕೆಲಸಗಾರ್ತಿ ಅಂತ ಇದೆಯಲ್ಲ ಸ್ವಾಮಿ. ಸಹಿ ನಿಮ್ ಮುಖ್ಯಸ್ಥರದ್ದೇ."

"ಅದು ಶಿಕ್ಷೆಗೆ ಕೊಟ್ಟಿದ್ದು ರೀ!"

"ಇದ್ರಲ್ಲಿ ಹಂಗೇನೂ ವ್ಯತ್ಯಾಸ ಇಲ್ಲ," ಎಂದು ಅಧಿಕಾರಿ ನನ್ನ ಬೆರಳಿಗೆ ಶಾಯಿ ಹಚ್ಚಿದರು.

ಸಂಜೆ ಎಣಿಸಿದಾಗ ನಾವು ದೊಡ್ಡ ಅಂತರದಿಂದ ಗೆದ್ದಿದ್ದೆವು. ನನ್ನ ಮತದ ಅಗತ್ಯವೇ ಇರಲಿಲ್ಲ! ಆದರೂ ಮೂರು ಸಲ ಬೆರಳು ನೋಡಿಕೊಂಡೆ. ಅವನನ್ನು ಕೆಲಸದಿಂದ ತೆಗೆಯುವ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಏಪ್ರಿಲ್ 23, ಬುಧವಾರ

ಬಹಳ ದಿನ ಬರೆಯಲಿಲ್ಲ. ಮನೆಗೆ ಬಂದರೆ ಭುಜ ಎತ್ತಲಾಗುವುದಿಲ್ಲ. ಈಗ ಅತ್ತೆಯೇ ನನ್ನ ತೋಳು ಒತ್ತುತ್ತಾರೆ.

ನಮ್ಮ ಸಂಘದ ಮೊದಲ ಒಪ್ಪಂದ ಹತ್ತು ದಿನದ ಹಿಂದೆ ಆಯಿತು. ವಾರದ ಪಾಳಿ ಒಂದು ವಾರ ಮುಂಚೆಯೇ ಗೋಡೆಗೆ ಅಂಟಿಸುತ್ತಾರೆ. ಎಲ್ಲರೂ ಮುಗಿಬಿದ್ದು ನೋಡಿದೆವು. ಅವನಿಗೆ ಇಡೀ ವಾರ ಬೆಳಿಗ್ಗೆ, ನನಗೆ ಇಡೀ ವಾರ ಸಂಜೆ. ಇವತ್ತೊಂದು ದಿನ ಮಾತ್ರ ಒಟ್ಟಿಗೆ. ಒಬ್ಬರನ್ನೊಬ್ಬರು ನೋಡುವುದಿಲ್ಲ ಎಂದು ಒಂದು ವಾರ ಮುಂಚೆಯೇ ಗೊತ್ತಾಗುವುದು ಎಷ್ಟು ನೆಮ್ಮದಿ! ಬೆಲ್ಟ್ ಅಕ್ಕನಿಗೆ ಹೇಳಿದೆ. "ದೂರು ಬರ್ಕೊಡು, ಮುಂದಿನ ವಾರ ಜಗ್ಗಾಡೋಣ," ಎಂದಳು. ಬರೆಯುವುದರಲ್ಲಿ ನಾನು ಹೇಗೂ ಎತ್ತಿದ ಕೈ.

ಹೊಟ್ಟೆಯೊಳಗೆ ಈಗ ಮತ್ತೆ ಇಬ್ಬರು. ಬಾಗಿಲು ಮುಚ್ಚುವ ಮುಂಚೆ ಬೆಲ್ಟಿನ ಮೇಲಿರುವವರು ಒಳಗಿದ್ದವರ ಹೆಸರು ಹಿಡಿದು ಕೂಗಬೇಕು. ಉತ್ತರ ಬರಬೇಕು, ಅಥವಾ ಮನುಷ್ಯರು ಕಣ್ಣಿಗೆ ಬೀಳಬೇಕು. ಇವತ್ತು ಬೆಲ್ಟಿನ ಮೇಲೆ ನಾನಿದ್ದೆ, ಒಳಗೆ ಅವನೂ, ಟ್ರಾಲಿ ಬಿಟ್ಟು ಬಂದ ಆ ಉದ್ದನೆಯವನೂ. ಕೊನೆಯ ಸೂಟ್‌ಕೇಸು ಹೋಯಿತು. ಉದ್ದನೆಯವನು ಇಳಿದು ನನ್ನ ಮುಂದೆ ನಿಂತ. ನಾನು ನನ್ನ ಗಂಡನ ಹೆಸರು ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗಿದೆ.

"ಅವ್ನು ಆಗ್ಲೇ ಇಳಿದ ಕಣಮ್ಮ, ಮುಚ್ಚು," ಎಂದ ಉಸ್ತುವಾರಿಯವನು.

"ನಾನು ನೋಡಿಲ್ಲ."

"ನಾನು ನೋಡ್ದೆ. ವಿಮಾನ ಲೇಟಾಗುತ್ತೆ."

"ಆಗ್ಲಿ."

ಕಿಟಕಿಗಳಲ್ಲಿ ಪ್ರಯಾಣಿಕರ ಮುಖಗಳು ಕಾಣಿಸಿಕೊಂಡವು. ರೇಡಿಯೋದಲ್ಲಿ ಯಾರೋ ಬೈಯುತ್ತಿದ್ದರು. ನಾನು ಬೆಲ್ಟಿನ ಮೇಲೆ ಮಂಡಿಯೂರಿ ಹತ್ತಿ, ಆ ಕತ್ತಲೆಯೊಳಗೆ ತಲೆ ಹಾಕಿ, ಎದೆಯಲ್ಲಿದ್ದ ದನಿಯನ್ನೆಲ್ಲ ಸೇರಿಸಿ ಕೂಗಿದೆ. ಸೂಟ್‌ಕೇಸುಗಳು. ಬಲೆ. ಬೇರೇನೂ ಇಲ್ಲ.

"ಯಾಕೆ ಹಿಂಗ್ ಕಿರ್ಚ್ತಾ ಇದೀಯ?" ಎಂದು ಹಿಂದಿನಿಂದ ಯಾರೋ ಕೇಳಿದರು. ತಿರುಗಿದರೆ ಅವನು. ನೀರಿನ ಬಾಟಲಿ ಹಿಡಿದು, ಬಾಯಿ ಒರೆಸಿಕೊಳ್ಳುತ್ತಾ ನಿಂತಿದ್ದ. ಕರೆದದ್ದು ಆ ಕಿವಿಗೆ ಕೇಳಿಸಿರಲಿಲ್ಲ.

ಎಲ್ಲರೂ ನಕ್ಕರು. ಉಸ್ತುವಾರಿಯವನು ಹಣೆ ಚಚ್ಚಿಕೊಂಡ. ನಾನು ಮತ್ತೆ ಒಳಗೆ ತಲೆ ಹಾಕಿ ಇನ್ನೊಂದು ಸಲ ಕೂಗಿದೆ.

"ಈಗ ಯಾರನ್ನೇ ಕರೀತಿದೀಯ? ನಾನು ಇಲ್ಲೇ ಇದೀನಲ್ಲ!"

"ಗೊತ್ತು ಕಣೋ. ಇನ್ಯಾರಾದ್ರೂ ಇದ್ರೆ?"

ಅವನು ನಗಲಿಲ್ಲ. ಬಾಟಲಿ ಕೆಳಗಿಟ್ಟು ನನ್ನ ಪಕ್ಕ ಬಂದು, ಒಳ್ಳೆಯ ಕಿವಿಯನ್ನು ಆ ಕತ್ತಲೆಗೆ ಕೊಟ್ಟು ನಿಂತ. ಇಬ್ಬರೂ ಸ್ವಲ್ಪ ಹೊತ್ತು ಕೇಳಿಸಿಕೊಂಡೆವು. ಒಳಗಿನಿಂದ ಏನೂ ಬರಲಿಲ್ಲ. ಆಮೇಲೆ ಬಾಗಿಲು ಹಾಕಿದೆವು.